ಕ್ಲಿಪ್ ಹಾಕಿದ ಹಲ್ಲಿಗೆ ತ್ರಿಫಲ ನೀರು, ಗಿಡಮೂಲಿಕೆ ಮೌತ್‌ವಾಶ್: ನಾನು ಬಳಸಿ ಕಂಡದ್ದು

ಮೂವತ್ತೊಂದನೇ ವಯಸ್ಸಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡೆ. ತುಮಕೂರಿನಲ್ಲಿದ್ದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡೋಕಾಗಲ್ಲ ಅಲ್ವಾ? ಇಡ್ಲಿ ಮೆತ್ತಗಿರುತ್ತದೆ, ಕಷ್ಟ ಇಲ್ಲ. ಕಷ್ಟ ಕೊಡುವುದು ಕಾಯಿ ಚಟ್ನಿ. ಒಂದು ಸಣ್ಣ ಚೂರು ತಂತಿಯ ಹಿಂದೆ ಸಿಕ್ಕಿಕೊಂಡರೆ ನಾನು ಕೆಲಸ ಮಾಡುವ ಸ್ಕೂಲು ಬಿಡುವವರೆಗೂ ಅಲ್ಲೇ ಕೂತಿರುತ್ತದೆ.

ಎರಡನೇ ತಿಂಗಳಿಗೆ ಒಸಡು ಊದಿ ರಕ್ತ ಬರತೊಡಗಿತು. ಡಾಕ್ಟರು 0.2% ಕ್ಲೋರ್‌ಹೆಕ್ಸಿಡಿನ್ ಅನ್ನುವ, ಕ್ರಿಮಿ ಕೊಲ್ಲುವ ಮೌತ್‌ವಾಶ್ ಬರೆದುಕೊಟ್ಟರು. 10 ಎಂ.ಎಲ್., ದಿನಕ್ಕೆ ಎರಡು ಸಲ, ಎರಡು ವಾರ. ಊತ ಇಳಿಯಿತು. ಒಳ್ಳೆಯದಾಯಿತಲ್ಲ ಅಂತ ಇನ್ನೂ ಮೂರು ವಾರ ನಾನೇ ಮುಂದುವರಿಸಿದೆ. ಅದು ತಪ್ಪು. ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಒಂದೊಂದು ಬ್ರ್ಯಾಕೆಟ್ ಸುತ್ತಲೂ ಕಂದು ಗೆರೆ ಎದ್ದಿತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅನ್ನುವುದೂ ನಾಲಿಗೆಗೆ ಗೊತ್ತಾಗಲಿಲ್ಲ. ಆ ಔಷಧಿ ಹಲ್ಲಿಗೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಅದರ ಶಕ್ತಿಯೇ ಅದು. ಆದರೆ ಕಾಫಿ, ಟೀ ಬಣ್ಣವೂ ಜೊತೆಗೇ ಅಂಟುತ್ತದೆ.

ಆಮೇಲೆ ಅಮ್ಮನ ಮಾತಿನಂತೆ ಗ್ರಂಧಿಗೆ ಅಂಗಡಿಯಿಂದ ತ್ರಿಫಲ ಪುಡಿ ತಂದೆ. ನೆಲ್ಲಿ, ಅಳಲೆ, ತಾರೆ, ಮೂರೂ ಸೇರಿದ್ದು. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಐದು ನಿಮಿಷ ಕುದಿಸಿ ಆರಿಸುತ್ತೇನೆ. ಬಟ್ಟೆಯಲ್ಲಿ ಎರಡು ಸಲ ಸೋಸಲೇಬೇಕು. ಮೊದಲ ದಿನ ಟೀ ಜಾಲರಿಯಲ್ಲಿ ಸುಮ್ನೆ ಸೋಸಿದ್ದೆ, ಪುಡಿಯ ಸಣ್ಣ ಕಣಗಳು ಹೋಗಿ ತಂತಿ ಬಿಗಿಯುವ ರಬ್ಬರ್ ಸಂದಿಯಲ್ಲಿ ಕೂತವು. ರುಚಿ ಒಗರು, ಬಾಯಿ ಬಿಗಿ ಹಿಡಿದಂತಾಗುತ್ತದೆ. ಆದರೆ ನಾಲಿಗೆ ಸಾಯುವುದಿಲ್ಲ, ಊಟದ ರುಚಿ ಉಳಿಯುತ್ತದೆ. ಒಗರು ಇರುವುದರಿಂದ ಇದೂ ಟೀಯಂತೆ ಸ್ವಲ್ಪ ಬಣ್ಣ ಹಿಡಿಸಬಹುದು. ಅದಕ್ಕೇ ಕೊನೆಗೆ ಬರೀ ನೀರಲ್ಲಿ ಮುಕ್ಕಳಿಸುತ್ತೇನೆ. ಪ್ರತಿದಿನ ಹೊಸದಾಗಿ ಮಾಡಬೇಕು, ಬೆಳಿಗ್ಗೆ ಎಂಟರ ಬಸ್ ಹಿಡಿಯುವವರಿಗೆ ಇದು ಕಷ್ಟ.

ಹಾಗಾಗಿ ಸ್ಕೂಲಿನ ಬ್ಯಾಗಿಗೆ ಹಿಮಾಲಯದ ಹಿಯೋರಾ ಬಾಟಲ್ ಬಂತು. ಪೀಲು (ಮಿಸ್ವಾಕ್ ಕಡ್ಡಿಯ ಮರ), ವೀಳ್ಯದೆಲೆ, ತಾರೆಕಾಯಿ ಇರುವ ಮೌತ್‌ವಾಶ್. ಉರಿ ಇಲ್ಲ. ಊಟ ಆದಮೇಲೆ ಅರ್ಧ ನಿಮಿಷ ಸಾಕು. ನನಗೆ ತುಂಬಾ ಇಷ್ಟವಾಯಿತು.

ಅರಿಶಿನದ ನೀರು ಮಾತ್ರ ಬೇಡ. ತಿಳಿ ಬಣ್ಣದ ರಬ್ಬರ್ ಹಳದಿ ಆಗಿ ಮುಂದಿನ ವಿಸಿಟ್‌ವರೆಗೂ ಹಾಗೇ ಉಳಿಯುತ್ತದೆ. ಬೇವಿನ ಕಡ್ಡಿಯೂ ಬೇಡ. ನಾರು ತಂತಿಗೆ ಸಿಕ್ಕಿ ಬ್ರ್ಯಾಕೆಟ್ ಕಿತ್ತು ಬರಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೂತು ಅಂಟಿದ ಪಾಚಿಯನ್ನು ಯಾವ ನೀರೂ ತೊಳೆಯುವುದಿಲ್ಲ. ತಂತಿಯ ಕೆಳಗೆ ತೂರುವ ಸಣ್ಣ ಇಂಟರ್‌ಡೆಂಟಲ್ ಬ್ರಶ್ ಮತ್ತು ಫ್ಲೋರೈಡ್ ಪೇಸ್ಟ್ ಬೇಕೇ ಬೇಕು. ಇಲ್ಲದಿದ್ದರೆ ಕ್ಲಿಪ್ ಬಿಚ್ಚಿದಾಗ ಬ್ರ್ಯಾಕೆಟ್ ಇದ್ದ ಜಾಗದ ಸುತ್ತ ಸುಣ್ಣ ಹಚ್ಚಿದಂಥ ಬಿಳಿ ಕಲೆ ಕಾಣುತ್ತದೆ. ಅದು ಹೊರಗಿನ ಕೊಳೆಯಲ್ಲ, ಹಲ್ಲಿನ ಮೇಲ್ಪದರದ ಖನಿಜವೇ ಕರಗಿಹೋದದ್ದು.

ಈಗ ರಾತ್ರಿ ಬ್ರಶ್, ಸಣ್ಣ ಬ್ರಶ್, ಆಮೇಲೆ ತ್ರಿಫಲ. ಮಧ್ಯಾಹ್ನ ಬಾಟಲ್. ಒಸಡು ಮತ್ತೆ ಊದಿದರೆ ಕ್ಲೋರ್‌ಹೆಕ್ಸಿಡಿನ್ನೇ ಬೇಕಾಗುತ್ತದೆ, ಆಗ ಡಾಕ್ಟರು ಹೇಳಿದಷ್ಟೇ ದಿನ. ಮೊನ್ನೆ ಚೆಕಪ್‌ನಲ್ಲಿ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಮಾತ್ರ ಸ್ವಲ್ಪ ಗಾರೆ (ಗಟ್ಟಿಯಾದ ಪಾಚಿ) ಸಿಕ್ಕಿತು. ರಕ್ತ ಬರಲಿಲ್ಲ.