ಯಜಮಾನರ ಥೆರಪಿ ಮತ್ತು ನನ್ನ ಅರ್ಧ ಗಂಟೆ: 20 ತಿಂಗಳ ಬಳಕೆಯ ನಂತರ

ಸ್ಟ್ರೋಕ್ (ಪಾರ್ಶ್ವವಾಯು) ಆದ ಯಜಮಾನರಿಗೆ ಥೆರಪಿ ಕೊಡಲು ಮೊದಲ ದಿನ ಫಿಸಿಯೋ ಮನೆಗೆ ಬಂದಾಗ ನಾನು ಮಂಚದ ಪಕ್ಕ ಜಾಗ ಬಿಟ್ಟು ದೂರ ನಿಂತೆ. ಯಜಮಾನರ ಕೈ ಎತ್ತಿ ನೋಡುತ್ತಾರೆ, ಕಾಲು ಮಡಿಸಿ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ, "ಇವರನ್ನು ದಿನಾ ಹೇಗೆ ಎಬ್ಬಿಸುತ್ತೀರಮ್ಮ? ಒಂದು ಸಲ ಮಾಡಿ ತೋರಿಸಿ" ಅಂದರು. ನಾನು ಎರಡೂ ಕಂಕುಳಿಗೆ ಕೈ ಹಾಕಿ, ಉಸಿರು ಬಿಗಿಹಿಡಿದು, ಎಳೆದು ನಿಲ್ಲಿಸಿದೆ. "ಬೆನ್ನು ನೋವು ಎಷ್ಟು ದಿನದಿಂದ ಇದೆ?" ಅಂತ ಕೇಳಿದರು. ಬೆನ್ನಿನ ಬಗ್ಗೆ ನಾನು ಬಾಯಿ ಬಿಟ್ಟಿರಲೇ ಇಲ್ಲ.

ಆ ಪ್ರಶ್ನೆಗಾಗಿಯೇ ನಾನು ಮನೆಗೇ ಬಂದು ಥೆರಪಿ ಕೊಡುವ ಈ ಸೇವೆಯನ್ನು 20 ತಿಂಗಳು ಬಿಡದೆ ಮುಂದುವರಿಸಿದ್ದೇನೆ. ಮಧ್ಯದಲ್ಲಿ ಜಗಳ ಆಡಿದ್ದೂ ಅದಕ್ಕೇ. ಪ್ಯಾಕೇಜಿನಲ್ಲಿ ಏನೇನಿದೆ, ಎಷ್ಟು ಜನ ಥೆರಪಿಸ್ಟ್ ಇದ್ದಾರೆ ಅನ್ನುವುದೆಲ್ಲ ಅವರ ಕರಪತ್ರದಲ್ಲೇ ಸಿಗುತ್ತದೆ, ನಾನು ಬರೆಯುವುದಿಲ್ಲ. ರೋಗಿಯ ಜೊತೆ ನೋಡಿಕೊಳ್ಳುವವರಿಗೂ ಪ್ರತಿ ಭೇಟಿಯಲ್ಲಿ ಅರ್ಧ ಗಂಟೆ ಅಂತ ಅದರಲ್ಲಿ ಒಂದು ಸಾಲು ಇತ್ತು. ಸೇರುವಾಗ ನಾನು ಅದನ್ನು ಸರಿಯಾಗಿ ಓದಿರಲಿಲ್ಲ.

ಯಜಮಾನರಿಗೆ ಸ್ಟ್ರೋಕ್ ಆಗಿದ್ದು ಮೆದುಳಿನ ಬಲಭಾಗದಲ್ಲಿ. ಹಾಗಾಗಿ ಎಡಗೈ, ಎಡಗಾಲು ಸೋತವು. ಮಾತು ಉಳಿಯಿತು. ನಮಗೆ ಯಾರೂ ಮೊದಲೇ ಹೇಳದೇ ಇದ್ದದ್ದು ಇನ್ನೊಂದಿತ್ತು. ಎಡಗಡೆ ಅನ್ನುವುದೇ ಅವರ ಪಾಲಿಗೆ ಇಲ್ಲವಾಗಿತ್ತು. ಕಣ್ಣು ಚೆನ್ನಾಗಿದೆ, ಆದರೂ ಎಡಗಡೆ ನಿಂತ ನಾನು ಕಾಣುತ್ತಿರಲಿಲ್ಲ. ಗಡ್ಡ ಬೋಳಿಸಿಕೊಂಡರೆ ಬಲಗೆನ್ನೆ ಮಾತ್ರ. ಪತ್ರಿಕೆ ಓದಿದರೆ ಸಾಲಿನ ನಡುವಿನಿಂದ ಶುರು, ಆಮೇಲೆ ಅರ್ಥ ಆಗಲಿಲ್ಲ ಅಂತ ಸಿಟ್ಟು. ನಾನು ಇದನ್ನು ಹಠ ಅಂದುಕೊಂಡು ಎರಡು ತಿಂಗಳು ರೇಗಿದ್ದೇನೆ. ಮೆದುಳು ಆ ಕಡೆಗೆ ಗಮನ ಕೊಡುವುದನ್ನೇ ಬಿಟ್ಟಿದೆ, ಅವರು ಬೇಕಂತ ಮಾಡುತ್ತಿಲ್ಲ ಅಂತ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವರು) ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದರು. ಪತ್ರಿಕೆಯ ಎಡ ಅಂಚಿಗೆ ಒಂದು ಕೆಂಪು ಪಟ್ಟಿ ಅಂಟಿಸಿದರು. "ಕೆಂಪು ಸಿಗುವವರೆಗೂ ಕಣ್ಣು ಎಡಕ್ಕೆ ಹೋಗಲಿ, ಆಮೇಲೆ ಓದಿ" ಅಂದರು. ಅವತ್ತು ಯಜಮಾನರು ಒಂದು ಪೂರ್ತಿ ಸುದ್ದಿ ಓದಿ ಮುಗಿಸಿದರು.

ಎಬ್ಬಿಸುವ ವಿಷಯಕ್ಕೆ ಬರುತ್ತೇನೆ, ಮನೆಯಲ್ಲಿ ಸ್ಟ್ರೋಕ್ ಆದವರು ಇರುವ ಎಲ್ಲರಿಗೂ ಇದು ಬೇಕು. ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಭುಜದ ಕೀಲನ್ನು ಅದರ ಜಾಗದಲ್ಲಿ ಹಿಡಿದಿಡುವುದರಲ್ಲಿ ಸ್ನಾಯುಗಳ ಪಾಲು ದೊಡ್ಡದು. ಅವು ಸೋತಾಗ ತೋಳಿನ ಮೂಳೆ ಕೆಳಕ್ಕೆ ಜಾರುತ್ತದೆ, ಎಳೆದರೆ ಇನ್ನೂ ಹಾಳಾಗುತ್ತದೆ. ನಮ್ಮವರು ರಾತ್ರಿ ಭುಜ ನೋವು ಅಂತ ನರಳುತ್ತಿದ್ದದ್ದರಲ್ಲಿ ನನ್ನ ಕೈಯ ಪಾಲೂ ಇತ್ತು.

ಈಗ ನಾವು ಮಾಡುವುದು ಹೀಗೆ. ಗಾಲಿಕುರ್ಚಿ ಅವರ ಬಲಗಡೆ, ಅಂದರೆ ಗಟ್ಟಿ ಇರುವ ಕಡೆ. ಮೊದಲು ಬ್ರೇಕ್. ಸೊಂಟಕ್ಕೆ ಅಗಲದ ಬೆಲ್ಟ್. ಅವರು ಮಂಚದ ಅಂಚಿಗೆ ಜರುಗಿ ಕೂರುತ್ತಾರೆ. ಪಾದ ಎರಡೂ ನೆಲಕ್ಕೆ ಊರಿ ಮಂಡಿಗಿಂತ ಸ್ವಲ್ಪ ಹಿಂದಕ್ಕೆ. ನಾನು ಎದುರಿಗೆ ನಿಂತು ನನ್ನ ಮಂಡಿಯನ್ನು ಅವರ ಎಡಮಂಡಿಗೆ ಆತುಕೊಡುತ್ತೇನೆ, ಅದು ಕುಸಿಯದ ಹಾಗೆ. ಆಮೇಲೆ ಅವರು ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಒಂದು, ಎರಡು, ಮೂರು. ಮೈಭಾರ ಪಾದದ ಮೇಲೆ ಬಂದ ತಕ್ಷಣ ಸೊಂಟ ತಾನಾಗಿ ಮೇಲೇಳುತ್ತದೆ. ನನ್ನ ಕೈ ಬೆಲ್ಟಿನ ಮೇಲಿರುತ್ತದೆ ಅಷ್ಟೆ. "ನೀವು ಎತ್ತಬೇಡಿ, ಅವರು ಏಳಲಿ" ಅಂತ ಫಿಸಿಯೋ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಮೊದಲ ವಾರ ಇಬ್ಬರಿಗೂ ಭಯ. ಮೂರನೇ ವಾರ ಅವರೇ ಎಣಿಸಲು ಶುರು ಮಾಡಿದರು.

ಬೆಳಗಿನ ಹೊತ್ತು ನನಗೆ ಈಗ ಇಷ್ಟ. ಆರು ಗಂಟೆಗೆ ಅಂಗಿಯಿಂದ ಶುರು. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಈ ಒಂದು ನಿಯಮ ಗೊತ್ತಾದ ಮೇಲೆ ಒಂದು ಅಂಗಿಯೂ ಹರಿದಿಲ್ಲ, ಒಂದು ದಿನವೂ ಭುಜ ತಿರುಚಿಲ್ಲ. ತೋಳನ್ನು ಅವರೇ ತೊಡೆಯ ಮೇಲೆ ಬಿಡಿಸಿ ಇಟ್ಟುಕೊಂಡು, ಬಲಗೈಯಿಂದ ಎಡಗೈ ಹಿಡಿದು ಒಳಕ್ಕೆ ತೂರಿಸುತ್ತಾರೆ. ಬೆರಳು ಆಚೆ ಬರುವವರೆಗೂ ನಾನು ಮುಟ್ಟುವ ಹಾಗಿಲ್ಲ. ಸುಮ್ನೆ ನೋಡುತ್ತಾ ಕೂರುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಆಮೇಲೆ ಟವೆಲ್. ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಎರಡೂ ಅಂಗೈ ಇಟ್ಟು ಮುಂದಕ್ಕೆ ಜಾರಿಸುವುದು, ವಾಪಸ್ ತರುವುದು. 50 ಸಲ. ಮೆದುಳು ಹೊಸ ದಾರಿ ಮಾಡಿಕೊಳ್ಳಬೇಕಾದರೆ ಅದೇ ಕೆಲಸ ನೂರಾರು ಸಲ ಆಗಬೇಕಂತೆ. ಹಳೆಯ ನೀಲಿ ಟವೆಲ್ ಒಂದನ್ನು ಇದಕ್ಕೇ ಮೀಸಲಿಟ್ಟಿದ್ದೇವೆ, ನಡುವೆ ತೆಳ್ಳಗಾಗಿದೆ.

ಕನ್ನಡಿಯ ಅಭ್ಯಾಸ ಕೊನೆಗೆ, 15 ನಿಮಿಷ. ಮೇಜಿನ ಮೇಲೆ ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸುತ್ತೇವೆ. ಸೋತ ಎಡಗೈ ಅದರ ಹಿಂದೆ ಮರೆಯಾಗಿರುತ್ತದೆ. ಬಲಗೈ ಬೆರಳು ಮಡಿಸಿ ಬಿಡಿಸಿದರೆ ಕನ್ನಡಿಯಲ್ಲಿ ಎಡಗೈಯೇ ಆಡಿದ ಹಾಗೆ ಕಾಣುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರಿಗೆ ಆ ಇಲ್ಲದ ಕೈಯಲ್ಲೇ ಆಗುವ ನೋವಿಗೆ ಬಳಸಿದ ಉಪಾಯ ಇದು, ಆಮೇಲೆ ಸ್ಟ್ರೋಕ್‌ಗೂ ಬಂತು. ಮೊದಲ ಸಲ ನೋಡಿದಾಗ ಯಜಮಾನರು, "ಇದು ನನ್ನ ಕೈಯೇನೇ?" ಅಂದರು. ಮಧ್ಯೆ ನನ್ನ ಬೆನ್ನು ಹಿಡಿದುಕೊಂಡ ದಿನಗಳನ್ನು ಬಿಟ್ಟರೆ ಅವತ್ತಿನಿಂದ ಒಂದು ದಿನ ತಪ್ಪಿಸಿಲ್ಲ.

ನಾಲ್ಕನೇ ವಾರ ಕೌನ್ಸೆಲರ್ ಬಂದು ನನ್ನ ಕೈಗೆ ಒಂದು ಕಾಗದ ಕೊಟ್ಟರು. 22 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 88. ಜಾರಿಟ್ ಅನ್ನುವವರು 1980ರಲ್ಲಿ ಮಾಡಿದ ಪಟ್ಟಿಯಿಂದ ಬೆಳೆದದ್ದು, ನೋಡಿಕೊಳ್ಳುವವರ ಹೊರೆ ಅಳೆಯುವುದಕ್ಕೆ. ನಿಮಗೆ ಅಂತ ಸಮಯ ಉಳಿದಿದೆಯಾ, ಅವರ ಹತ್ತಿರ ಇರುವಾಗ ಸಿಟ್ಟು ಬರುತ್ತಾ, ಇಂಥವು. ಸಿಟ್ಟಿನ ಪ್ರಶ್ನೆಗೆ ನನ್ನ ಪೆನ್ನು ನಿಂತುಬಿಟ್ಟಿತು. "ಇಲ್ಲಿ ಸರಿ ತಪ್ಪು ಏನೂ ಇಲ್ಲಮ್ಮ, ಇದ್ದದ್ದು ಬರೆಯಿರಿ" ಅಂದರು. ನನ್ನ ಅಂಕ 47 ಬಂತು. ಸ್ಟ್ರೋಕ್ ಆದಾಗಿನಿಂದ ಬಿಪಿ, ಶುಗರ್, ನಡಿಗೆ, ಹಿಡಿತ, ಎಷ್ಟೊಂದು ಅಂಕಿ ಬರೆದಿದ್ದೇನೆ. ನನ್ನದು ಅಂತ ಒಂದು ಅಂಕಿ ಅದೇ ಮೊದಲು. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ತುಂಬಾ ಹೊತ್ತು ಅತ್ತೆ, ಹಗುರಾಯಿತು.

ಆಮೇಲಿನ ತಿಂಗಳುಗಳಲ್ಲಿ ಆ ಅರ್ಧ ಗಂಟೆಯಲ್ಲಿ ಎಷ್ಟೊಂದು ಕಲಿತೆ. ಬೆನ್ನಿಗೆ ನಾಲ್ಕು ವ್ಯಾಯಾಮ. ರಾತ್ರಿ ಅವರನ್ನು ಮಗ್ಗುಲು ಬದಲಿಸುವಾಗ ಬಾಗದೆ ಮಂಡಿ ಊರುವುದು. ಅವರು ಕಾರಣವಿಲ್ಲದೆ ಅಳುತ್ತಿದ್ದರಲ್ಲ, ನಾನು ಏನೋ ಅಂದೆ ಅಂತ ಕೊರಗುತ್ತಿದ್ದೆ. ಸ್ಟ್ರೋಕ್ ಆದ ಮೇಲೆ ಅಳು, ನಗು ಹಿಡಿತ ತಪ್ಪಿ ಬರಬಹುದು, ಒಳಗಿನ ದುಃಖಕ್ಕೆ ಅದು ಸರಿಹೊಂದಬೇಕಾಗಿಲ್ಲ ಅಂತ ಕೌನ್ಸೆಲರ್ ಹೇಳಿದರು. ನಿಜವಾದ ಖಿನ್ನತೆಯೂ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ, ಎರಡನ್ನೂ ಬೇರೆ ಮಾಡಿ ನೋಡಬೇಕು ಅಂತ ಡಾಕ್ಟರ ಹತ್ತಿರ ಕಳಿಸಿದ್ದೂ ಅವರೇ.

ಏಳನೇ ತಿಂಗಳಿಂದ ಕೆಟ್ಟಿತು. ನನ್ನ ಅರ್ಧ ಗಂಟೆ ಇದ್ದದ್ದು ಭೇಟಿಯ ಕೊನೆಯಲ್ಲಿ. ಹಿಂದಿನ ಮನೆಯಲ್ಲಿ ತಡವಾದರೆ ಅದು ಹೋಯಿತು. ಯಜಮಾನರು ಅವತ್ತು ನಿಧಾನವಾದರೆ ಅದು ಹೋಯಿತು. ಫಾರಂ ತುಂಬುವುದಿದ್ದರೂ ಅದರಲ್ಲೇ. "ಮುಂದಿನ ವಾರ ನೋಡೋಣಮ್ಮ" ಅನ್ನುವುದು ಅಭ್ಯಾಸವಾಯಿತು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. 12 ವಾರ, 24 ಭೇಟಿ. ನನಗೆ ಸಿಕ್ಕಿದ್ದು 7 ಸಲ. ನಾನು ಕೇಳಲಿಲ್ಲ. ಯಜಮಾನರ ಸಮಯ ಕಡಿಮೆಯಾದರೆ ಅಂತ ಅಂಜಿಕೆ. ಕಾಯಿಲೆ ಇರುವುದು ಅವರಿಗೆ, ನಾನು ಹೇಗೆ ಬಾಯಿಬಿಟ್ಟು ನನ್ನದೂ ಕೊಡಿ ಅನ್ನಲಿ?

ಹತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನನ್ನ ಬೆನ್ನು ಹಿಡಿದುಕೊಂಡಿತು. ಎರಡು ದಿನ ಏಳಲಾಗಲಿಲ್ಲ, ಎರಡು ವಾರ ಬಾಗಲಾಗಲಿಲ್ಲ. ಟವೆಲ್ ಇಲ್ಲ, ಕನ್ನಡಿ ಇಲ್ಲ, ನಿಲ್ಲುವ ಅಭ್ಯಾಸವೂ ಇಲ್ಲ. ಮತ್ತೆ ಶುರು ಮಾಡುವಷ್ಟರಲ್ಲಿ ಅವರ ಎಡಗೈ ಬಿಗಿದು, ಬೆರಳು ಮುಷ್ಟಿ ಕಟ್ಟಿತ್ತು. ಆ ಬಿಗಿ ಬಿಡಿಸಲು ಒಂದೂವರೆ ತಿಂಗಳು ಹಿಡಿಯಿತು.

ಆಗ ನಾನು ಕೂತು ಲೆಕ್ಕ ಹಾಕಿದೆ. ವಾರಕ್ಕೆ 168 ಗಂಟೆ. ಅದರಲ್ಲಿ ಅವರಿಗೆ ಥೆರಪಿಸ್ಟ್ ಸಿಗುವುದು 2 ಗಂಟೆ. ಉಳಿದ 166 ಗಂಟೆಯೂ ನನ್ನ ಜೊತೆ. ಈ ಲೆಕ್ಕವನ್ನೇ ಬರೆದು, ಕ್ಯಾಲೆಂಡರಿನ ಫೋಟೊ ಇಟ್ಟು, ದೂರು ಕೊಟ್ಟೆ. ನನ್ನ ಅರ್ಧ ಗಂಟೆಯೂ ಅವರ ಚಿಕಿತ್ಸೆಯೇ, ಉಳಿದರೆ ಕೊಡುವ ಉಪಚಾರ ಅಲ್ಲ ಅಂತ ಬರೆದೆ.

ಕೌನ್ಸೆಲರ್ ಸಮಜಾಯಿಷಿ ಕೊಡಲು ಹೋಗದೆ ಒಪ್ಪಿಕೊಂಡರು. ಅವರಿಂದಲೇ ಗೊತ್ತಾಯಿತು: 2004ರಲ್ಲಿ ಇಂಗ್ಲೆಂಡಿನಲ್ಲಿ 300 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ನೋಡಿಕೊಳ್ಳುವವರಿಗೆ ತರಬೇತಿ ಕೊಟ್ಟಾಗ ಅವರ ಹೊರೆ ಇಳಿದಿತ್ತು, ಇಬ್ಬರ ಬದುಕೂ ಸುಧಾರಿಸಿತ್ತು. 2013ರಲ್ಲಿ ಬ್ರಿಟನ್ನಿನಲ್ಲಿ 36 ಸ್ಟ್ರೋಕ್ ಘಟಕಗಳಲ್ಲಿ ಅದನ್ನೇ ದೊಡ್ಡದಾಗಿ ಮಾಡಿದಾಗ ಆ ಲಾಭ ಕಾಣಲಿಲ್ಲ. ಸ್ಟ್ರೋಕ್ ಆದ ತಕ್ಷಣದ ದಿನಗಳು ಕಲಿಸುವುದಕ್ಕೆ ಸರಿಯಾದ ಹೊತ್ತಲ್ಲದೆ ಇರಬಹುದು ಅಂತ ಅದನ್ನು ಮಾಡಿದವರೇ ಬರೆದಿದ್ದಾರಂತೆ. ಅದು ನನಗೆ ನೂರಕ್ಕೆ ನೂರು ನಿಜ ಅನ್ನಿಸಿತು. ಆಸ್ಪತ್ರೆಯಿಂದ ಬಿಡುವ ದಿನ ನನಗೂ ಇಪ್ಪತ್ತು ನಿಮಿಷ ಪಾಠ ಆಗಿತ್ತು, ಒಂದಕ್ಷರ ತಲೆಗೆ ಹೋಗಿರಲಿಲ್ಲ. ಕಲಿಯಬೇಕು ಅನ್ನುವುದು ಮನೆಗೆ ಬಂದು ಅವರು ಬಚ್ಚಲಿನಲ್ಲಿ ಜಾರಿದ ದಿನ ಹುಟ್ಟಿತು.

ಈಗ ನನ್ನ ಅರ್ಧ ಗಂಟೆ ಮೊದಲಿಗೆ. ಥೆರಪಿಸ್ಟ್ ಬಂದು ಕೈ ತೊಳೆದು, ನನ್ನನ್ನು ಕೂರಿಸಿ, "ಈ ವಾರ ನಿದ್ದೆ ಹೇಗಿತ್ತಮ್ಮ?" ಅಂತ ಕೇಳಿದ ಮೇಲೇ ಯಜಮಾನರ ಸರದಿ. ಅವರಿಗೂ ಅದು ಅಭ್ಯಾಸವಾಗಿದೆ, ಕಾಯುತ್ತಾ ಟವೆಲ್ ಹಾಸಿಕೊಂಡು ಕೂತಿರುತ್ತಾರೆ.

ದುಡ್ಡಿನ ಮಾತು. ವಾರಕ್ಕೆ ಐದು ದಿನದ ಪ್ಯಾಕೇಜ್ ನಮ್ಮ ಕೈಗೆ ನಿಲುಕಲಿಲ್ಲ, ಎರಡು ದಿನವೇ ನಡೆಸಿದೆವು. ಪರದೆ ಇರುವ, ಕೈಗೆ ವ್ಯಾಯಾಮ ಮಾಡಿಸುವ ಯಂತ್ರಕ್ಕೆ ಬೇರೆ ಶುಲ್ಕ ಕಟ್ಟಿ ಹತ್ತು ಸಲ ಮಾಡಿಸಿ ನಿಲ್ಲಿಸಿದೆ. ಯಂತ್ರ ಕೆಟ್ಟದ್ದಂತ ಅಲ್ಲ, ನಮ್ಮ ಲೆಕ್ಕಕ್ಕೆ ಆ ದುಡ್ಡಿನಲ್ಲಿ ಮನೆ ಭೇಟಿ ಜಾಸ್ತಿ ಸಿಗುತ್ತಿತ್ತು. ಅವರ ಆ್ಯಪ್‌ನಲ್ಲಿ ನೋಡಿಕೊಳ್ಳುವವರ ಬಗ್ಗೆ ಬರೆಯಲು ಇನ್ನೂ ಜಾಗವಿಲ್ಲ, ಅದು ಸರಿಯಾಗಬೇಕು. ಮೊದಲ ಮೂರು ತಿಂಗಳಷ್ಟು ವೇಗದ ಸುಧಾರಣೆ ಆಮೇಲೆ ಇರಲ್ಲ, ಅದು ನಿಜ. ಆದರೆ ನಿಲ್ಲುವುದಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ಎಡ ಹೆಬ್ಬೆರಳು ಟವೆಲಿನ ಅಂಚನ್ನು ಹಿಡಿಯಿತು. ನಾವಿಬ್ಬರೂ ಅವತ್ತು ಬೇರೆ ಏನೂ ಮಾಡಲಿಲ್ಲ, ಅದನ್ನೇ ಮತ್ತೆ ಮತ್ತೆ ಮಾಡಿಸಿ ನೋಡಿದೆವು.

ಸ್ನಾನ, ಬಟ್ಟೆ, ನಡಿಗೆ, ಇಂಥ ಹತ್ತು ದಿನನಿತ್ಯದ ಕೆಲಸ ನೋಡಿ ನೂರಕ್ಕೆ ಅಂಕ ಹಾಕುವ ಬಾರ್ತೆಲ್ ಪಟ್ಟಿಯಲ್ಲಿ ಯಜಮಾನರು 35ರಿಂದ 80ಕ್ಕೆ ಬಂದಿದ್ದಾರೆ. ನನ್ನ ಹೊರೆಯ ಅಂಕ 47 ಇದ್ದದ್ದು ಈಗ 29. ಎರಡು ಕಾಗದವನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಮುಂದಿನ ಮೂರು ತಿಂಗಳಿಗೆ ವಾರಕ್ಕೆ ಒಂದು ದಿನ ಅಂತ ನವೀಕರಿಸಿದೆ. ನೋಡಿಕೊಳ್ಳುವವರ ಅರ್ಧ ಗಂಟೆ ಭೇಟಿಯ ಮೊದಲಿಗೇ ಇರಬೇಕು ಅಂತ ಈ ಸಲ ಕಾಗದದಲ್ಲಿ ಬರೆಸಿಕೊಂಡು ಸಹಿ ಮಾಡಿದ್ದೇನೆ. ಸೇರುವವರು ನೀವೂ ಬರೆಸಿಕೊಳ್ಳಿ.