ಹವರ್ತ್ ಅಂತ ಹುಡುಕಿದೆ, ಅವರ್ತ್ ಅಂತ ಸಿಕ್ಕರು: ಮೂರು ಇಂಡೆಕ್ಸ್‌ಗಳ ಹೋಲಿಕೆ

ನಮ್ಮ ಅತ್ತೆ ಇಂಗ್ಲೆಂಡಿನ ರಾಚ್‌ಡೇಲ್‌ನವರು. 1844ರಲ್ಲಿ ನೇಕಾರರೆಲ್ಲ ಸೇರಿ ಸಹಕಾರಿ ಅಂಗಡಿ ತೆರೆದರಲ್ಲ, ಅದೇ ಊರು. ತಮ್ಮ ತಾತನ ತಾತ ಯಾರು, ಎಲ್ಲಿದ್ದರು ಅಂತ ತಿಳಿಯಬೇಕು ಅನ್ನೋದು ಅವರ ಬಹಳ ದಿನದ ಆಸೆ. ಮನೆತನದ ಹೆಸರು ಹವರ್ತ್. 1851ರ ಜನಗಣತಿಯನ್ನೇ ಯಾಕೆ ಹಿಡಿದೆ ಅಂದ್ರೆ, 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಹುಟ್ಟಿದ ಊರೂ ಇಲ್ಲ. 1851ರಲ್ಲಿ ಊರೂ ಇದೆ, ಮನೆಯ ಯಜಮಾನನಿಗೆ ಏನಾಗಬೇಕು ಅನ್ನೋದೂ ಇದೆ.

ಮೊದಲು ದುಡ್ಡು ಕಟ್ಟಿ ಒಂದು ವೆಬ್‌ಸೈಟ್ ಸೇರಿದೆ. ಇಡೀ ದೇಶದ ಇಂಡೆಕ್ಸ್, ಅಂದ್ರೆ ಗಣತಿಯಲ್ಲಿರುವ ಹೆಸರುಗಳ ಪಟ್ಟಿ, ಒಂದು ಕ್ಲಿಕ್‌ಗೆ ಮೂಲ ಹಾಳೆಯ ಚಿತ್ರ. ಆದರೆ ಆ ಕಡೆ ಹವರ್ತ್‌ಗಳು ಲೆಕ್ಕವಿಲ್ಲದಷ್ಟು ಜನ, ನಮಗೆ ಬೇಕಾದ ಗಂಡ, ಹೆಂಡತಿ, ಮಗು ಮಾತ್ರ ಇಲ್ಲ. 'ಉಚ್ಚಾರಣೆ ಹೋಲುವ ಹೆಸರು' ಅಂತ ಕೊಟ್ಟರೂ ಸಿಗಲಿಲ್ಲ. ಅದರ ಹಿಂದೆ ಇರೋದು ಸೌಂಡೆಕ್ಸ್ ಲೆಕ್ಕ: ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟು, ಉಳಿದ ದನಿಗಳಿಗೆ ಸಂಖ್ಯೆ ಕೊಡೋದು. ಹವರ್ತ್, ಹಾವರ್ತ್ ಎರಡಕ್ಕೂ ಎಚ್630 ಅನ್ನೋ ಒಂದೇ ಸಂಖ್ಯೆ ಬರುತ್ತೆ, ಸರಿ. ಮೊದಲ ಅಕ್ಷರವೇ ಬೇರೆಯಾದರೆ ಅದು ಕೈಬಿಟ್ಟುಬಿಡುತ್ತೆ.

ಎರಡನೆಯದು ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟ್‌ನಲ್ಲಿ ಬಿಟ್ಟಿಯಾಗಿ ಸಿಗುವ 1881ರ ಗಣತಿಯ ಇಂಡೆಕ್ಸ್. ವಂಶಾವಳಿ ಸಂಘಗಳ ಸ್ವಯಂಸೇವಕರು ಮೂಲದ ನಕಲು ನೋಡಿ ಬರೆದದ್ದು, ತಪ್ಪು ಕಮ್ಮಿ. ಅಲ್ಲಿ ಹಿರಿಮಗ ಸಿಕ್ಕ: ವಯಸ್ಸು 31, ಹುಟ್ಟಿದ್ದು ವಾರ್ಡಲ್. ಅಂದ್ರೆ 1850ರ ಹೊತ್ತಿಗೆ ಇವರು ರಾಚ್‌ಡೇಲ್ ಪಕ್ಕದ ಆ ಹಳ್ಳಿಯಲ್ಲೇ ಇದ್ದರು, ಅಲ್ವಾ?

ಆಮೇಲೆ ಲೈಬ್ರರಿಗೆ ಹೋಗಿ, ಸ್ಥಳೀಯ ವಂಶಾವಳಿ ಸಂಘದವರು ಆ ಭಾಗದ 1851ರ ಗಣತಿಗೆ ಮಾಡಿದ ಇಂಡೆಕ್ಸ್, ಒಂದು ತೆಳು ಪುಸ್ತಿಕೆ, ತೆಗೆದೆ. ಅದರಲ್ಲಿ ಇರೋದು ಇಷ್ಟೇ: ಸರ್‌ನೇಮ್, ಪಕ್ಕದಲ್ಲಿ ಫೋಲಿಯೋ (ಗಣತಿ ಪುಸ್ತಕದ ಹಾಳೆ) ಸಂಖ್ಯೆ. ವಯಸ್ಸಿಲ್ಲ, ಊರಿಲ್ಲ. ಆದರೆ ಹವರ್ತ್ ಕೆಳಗೆ 'ಅವರ್ತ್ ಕೂಡ ನೋಡಿ' ಅಂತ ಒಂದು ಸಾಲಿತ್ತು. ನಮ್ಮ ಮಂಡ್ಯ ಕಡೆ ಹಳ್ಳಿಗಳಲ್ಲಿ 'ಹಾಲು' 'ಆಲು' ಆಗುತ್ತಲ್ಲ, ರಾಚ್‌ಡೇಲ್ ಸೀಮೆಯ ಲ್ಯಾಂಕಾಶೈರ್‌ನವರೂ ಹಾಗೇ ಹಕಾರ ನುಂಗುತ್ತಾರೆ, ಗಣತಿಗೆ ಬಂದವನು ಕಿವಿಗೆ ಬಿದ್ದಂತೆ ಬರೆದುಕೊಂಡು ಹೋಗಿದ್ದಾನೆ. ಆ ಊರಿನ ಮಾತು ಗೊತ್ತಿದ್ದವರು ಮಾತ್ರ ಆ ಸಾಲು ಸೇರಿಸೋಕೆ ಸಾಧ್ಯ. 1851ರ ಮ್ಯಾಂಚೆಸ್ಟರ್ ಭಾಗದ ಒಂದಷ್ಟು ಗಣತಿ ಪುಸ್ತಕಗಳು ನೀರು ತಾಗಿ ಹಾಳಾಗಿದ್ದಾಗ ಅವನ್ನು ವರ್ಷಗಟ್ಟಲೆ ಕೂತು ಓದಿ ತೆಗೆದವರೂ ಅಲ್ಲಿನ ಸಂಘದವರೇ. ನನಗೆ ಅವರ ಮೇಲೆ ತುಂಬಾ ಗೌರವ.

ಫೋಲಿಯೋ ಅಂದ್ರೆ ಒಂದು ಹಾಳೆ, ಸಂಖ್ಯೆ ಮುಂಭಾಗದಲ್ಲಿ ಮಾತ್ರ ಇರುತ್ತೆ, ಹಾಗಾಗಿ ಅದೇ ಹಾಳೆಯ ಹಿಂಬದಿಯನ್ನೂ ಮರೆಯದೆ ನೋಡಿ. ನಮ್ಮವರು ಹಿಂಬದಿಯಲ್ಲೇ ಇದ್ದರು: ಅವರ್ತ್, 26, ಹತ್ತಿ ನೇಕಾರ, ಹೆಂಡತಿ, ಒಂದು ವರ್ಷದ ಗಂಡುಮಗು. ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಸುಮ್ನೆ ಕೂತಿದ್ದರು.

ತಲೆಮಾರುಗಳ ಕಾಲ ಒಂದೇ ಕಡೆ ಇದ್ದ ಮನೆತನವಾದರೆ ನಾನು ಪುಸ್ತಿಕೆಯಿಂದಲೇ ಶುರುಮಾಡುತ್ತೇನೆ. ಆದರೆ ಅತ್ತೆಯ ತಾಯಿ ಕಡೆಯವರು ಐರ್ಲೆಂಡ್‌ನಿಂದ ಬಂದು ಕೆಲಸ ಸಿಕ್ಕಲ್ಲೆಲ್ಲ ಇದ್ದವರು. ಅವರಿಗೆ ಯಾವ ಊರಿನ ಪುಸ್ತಿಕೆ ಅಂತ ತೆಗೆಯೋದು? ಅದಕ್ಕೇ ವೆಬ್‌ಸೈಟಿನ ಚಂದಾ ಇನ್ನೊಂದು ವರ್ಷ ಕಟ್ಟಿದ್ದೇನೆ.