₹600ರ ಬ್ಲೂಟೂತ್ ಸ್ಕ್ಯಾನರ್: ಐಡ್ಲಿಂಗ್ ತೊಂದರೆ ಹುಡುಕೋಕೆ ಸಾಕಾ?

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ₹600 ಚಿಲ್ಲರೆ ಕೊಟ್ಟು ತಂದ ಇಎಲ್‌ಎಂ327 ಮಾದರಿಯ ಸ್ಕ್ಯಾನರ್ ಇದು. ಕಾರಿನ ಎಂಜಿನ್ ಕಂಪ್ಯೂಟರಿನ ಮಾಹಿತಿಯನ್ನು ಫೋನಿನಲ್ಲಿ ತೋರಿಸುತ್ತದೆ. ಡಬ್ಬಿಯ ಮೇಲೆ ಕಂಪನಿಯ ಹೆಸರಿಲ್ಲ. ಇಎಲ್‌ಎಂ327 ಮೂಲತಃ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಚಿಪ್. ಈ ಬೆಲೆಗೆ ಸಿಗುವುದು ನಕಲು. ಆದರೂ ನನ್ನ ಕೆಲಸಕ್ಕೆ ಸಾಕಾಯಿತು.

ನಮ್ಮದು ಹಳೆಯ ಪೆಟ್ರೋಲ್ ಕಾರು. ತೊಂದರೆ ಇದ್ದದ್ದು ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ. ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು 600ಕ್ಕೆ ಇಳಿಯುತ್ತಿತ್ತು, ತಕ್ಷಣ 1,100ಕ್ಕೆ ಹಾರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಎ.ಸಿ. ಹಾಕಿದರೆ ಸ್ಟೀರಿಂಗ್ ಕೂಡ ನಡುಗುತ್ತಿತ್ತು. ಚೆಕ್ ಎಂಜಿನ್ ಲೈಟ್ ಮಾತ್ರ ಉರಿಯಲಿಲ್ಲ. ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ) ಕ್ಲೀನ್ ಮಾಡಿದರು, ಸ್ಪಾರ್ಕ್ ಪ್ಲಗ್ ಬದಲಿಸಿದರು. ಕೊನೆಗೆ ಥ್ರಾಟಲ್ ಬಾಡಿಯನ್ನೇ ಹೊಸದು ಹಾಕಿಸಿ ಅಂದರು. ಏನನ್ನೂ ಅಳೆದು ನೋಡದೆ ಸಾವಿರಾರು ರೂಪಾಯಿಯ ಪಾರ್ಟ್ ಬದಲಿಸಿ ಅನ್ನುವುದು ನನಗೆ ಸರಿ ಕಾಣಲಿಲ್ಲ.

ಸ್ಕ್ಯಾನರ್ ಹಾಕುವುದು ಸುಲಭ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನಲ್ಲಿ ಜೋಡಿಸಬೇಕು. ನಾನು ಟಾರ್ಕ್ ಆ್ಯಪ್ ಬಳಸಿದೆ. ದೋಷ ಹೇಳುವ ಕೋಡ್ ಒಂದೂ ಬರಲಿಲ್ಲ. ಸುಮಾರು ಜನ ಇಲ್ಲಿಗೇ ನಿಲ್ಲಿಸಿ 'ಸ್ಕ್ಯಾನರ್ ವೇಸ್ಟ್' ಅಂತಾರೆ. ಅಸಲಿ ವಿಷಯ ಇರುವುದು ಲೈವ್ ಡೇಟಾದಲ್ಲಿ, ಅಂದರೆ ಎಂಜಿನ್ ಓಡುತ್ತಿರುವಾಗಲೇ ಕಾಣುವ ಅಂಕಿಗಳಲ್ಲಿ.

ಅಲ್ಲಿ ಫ್ಯುಯೆಲ್ ಟ್ರಿಮ್ ಅಂತ ಒಂದು ಅಂಕಿ ಇದೆ. ಲೆಕ್ಕಕ್ಕಿಂತ ಎಷ್ಟು ಪೆಟ್ರೋಲನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಜಾಸ್ತಿ ಅಥವಾ ಕಡಿಮೆ ಹಾಕುತ್ತಿದೆ ಅನ್ನುವುದನ್ನು ಅದು ಶೇಕಡಾದಲ್ಲಿ ಹೇಳುತ್ತದೆ. ಸೊನ್ನೆಯ ಆಚೀಚೆ 5ರೊಳಗಿದ್ದರೆ ಚೆನ್ನ, 10ರವರೆಗೂ ಪರವಾಗಿಲ್ಲ. ನನ್ನ ಕಾರಿನಲ್ಲಿ ಲಾಂಗ್ ಟರ್ಮ್ ಟ್ರಿಮ್ (ಇಸಿಯು ದಿನ ಕಳೆದಂತೆ ಕಲಿತುಕೊಂಡ ಅಂಕಿ) ಐಡ್ಲಿಂಗ್‌ನಲ್ಲಿ +18 ಇತ್ತು. ಆಕ್ಸಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದಾಗ +4ಕ್ಕೆ ಇಳಿಯಿತು. ಇದೇ ಸುಳಿವು. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಆ ಕಳ್ಳ ಗಾಳಿಯ ಪಾಲು ದೊಡ್ಡದು. ವೇಗ ಏರಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪೆಟ್ರೋಲ್ ಪಂಪೋ ಫಿಲ್ಟರೋ ಸೋತಿದ್ದರೆ ವೇಗ ಏರಿದಾಗಲೇ ಟ್ರಿಮ್ ಜಾಸ್ತಿಯಾಗಬೇಕಿತ್ತು.

ಆಮೇಲೆ ಬಾನೆಟ್ ತೆಗೆದು ಸಣ್ಣ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಮೆತ್ತಗೆ ಅದುಮಿ ನೋಡಿದೆ. ಪಿಸಿವಿ ಪೈಪ್ (ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಪೈಪ್) ಅದುಮಿದ ಕೂಡಲೇ ಮುಳ್ಳು 750ರಲ್ಲಿ ನಿಂತಿತು. ಬಿಚ್ಚಿ ನೋಡಿದರೆ ಬೆಂಡಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಸೀಳು. ಜೆ.ಸಿ. ರಸ್ತೆಯಲ್ಲಿ ₹220ಕ್ಕೆ ಪೈಪ್ ಸಿಕ್ಕಿತು. ಹಾಕಿದ ಮೇಲೆ ಟ್ರಿಮ್ ನಿಧಾನವಾಗಿ +3ಕ್ಕೆ ಬಂತು. ಆ ಅಂಕಿ ಇಳಿಯುವುದನ್ನು ನೋಡಿ ಆದ ಖುಷಿ ಹೇಳತೀರದು!

ಒಂದು ಮಾತು. ಏರ್ ಫ್ಲೋ ಸೆನ್ಸರ್ ಬದಲು ಮ್ಯಾಪ್ ಸೆನ್ಸರ್ (ಗಾಳಿಯ ದಾರಿಯೊಳಗಿನ ಒತ್ತಡ ಅಳೆಯುವುದು) ಇರುವ ಕಾರುಗಳೂ ನಮ್ಮಲ್ಲಿ ಬಹಳ. ಅವುಗಳಲ್ಲಿ ಟ್ರಿಮ್ ಇಷ್ಟು ನೇರವಾಗಿ ಹೇಳುವುದಿಲ್ಲ, ಆಗ ಮ್ಯಾಪ್ ಒತ್ತಡ ಗಮನಿಸಿ. ಸೆನ್ಸರ್ ಸರಿಯಿದ್ದರೆ, ಎಂಜಿನ್ ಆಫ್ ಇದ್ದು ಇಗ್ನಿಷನ್ ಆನ್ ಇದ್ದಾಗ ಬೆಂಗಳೂರಿನ ಎತ್ತರಕ್ಕೆ ಸುಮಾರು 91 ಕಿಲೋಪ್ಯಾಸ್ಕಲ್ ತೋರಿಸಬೇಕು. ಮಂಗಳೂರಿನಲ್ಲಾದರೆ 101ರ ಹತ್ತಿರ.

ಕೊರತೆಗಳೂ ಇವೆ. ಎಬಿಎಸ್, ಏರ್‌ಬ್ಯಾಗ್ ಕೋಡ್ ಓದುತ್ತದೆ ಅಂತ ಡಬ್ಬಿಯ ಮೇಲಿದೆ, ನನ್ನ ಕಾರಿನಲ್ಲಿ ಓದಲಿಲ್ಲ. ಒಟ್ಟಿಗೆ ಹತ್ತು ಅಂಕಿ ತೆರೆದರೆ ತುಂಬಾ ನಿಧಾನ. ಮೂರೋ ನಾಲ್ಕೋ ಇಟ್ಟುಕೊಳ್ಳಿ. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಎಲ್ಇ ಮಾದರಿಯನ್ನೇ ಕೇಳಿ ಕೊಳ್ಳಿ. 2013ರ ಏಪ್ರಿಲ್‌ಗಿಂತ ಹಳೆಯ ಕಾರಾದರೆ ಅಂಗಡಿಯಲ್ಲೇ ಸಿಕ್ಕಿಸಿ ನೋಡಿ, ಈ ಸ್ಕ್ಯಾನರ್ ಓದುವ ಒಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯ ಆಗಿದ್ದೇ ಆಗ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಕಾರು ಆಫ್ ಆಗಿದ್ದರೂ ಇದು ಬ್ಯಾಟರಿ ಎಳೆಯುತ್ತಲೇ ಇರುತ್ತದೆ.